ಗೆರೆ ನಿಂತರೂ ಚಿತ್ರ ನಿಲ್ಲುತ್ತಿಲ್ಲ: ಇಂಕು, ವಾಟರ್‌ಕಲರ್ ಎರಡನ್ನೂ ಸೇರಿಸುವುದು ಹೇಗೆ?

ಅರ್ಧಬಕೆಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಿನವಿಡೀ ಲೆಕ್ಕದ ಪುಸ್ತಕ ನೋಡುವವನು. ಚಿತ್ರ ಬಿಡಿಸಲು ಶುರುಮಾಡಿ ನಾಲ್ಕು ತಿಂಗಳಾಯಿತು. ಸ್ಕೂಲು ಬಿಟ್ಟ ಮೇಲೆ ಬ್ರಷ್ ಮುಟ್ಟಿದ್ದು ಇದೇ ಮೊದಲು. ಪೆನ್ನಿನಲ್ಲಿ ಗೆರೆ ಎಳೆದು ಮೇಲೆ ತೆಳುವಾಗಿ ವಾಟರ್‌ಕಲರ್ ಹಾಕುತ್ತಾರಲ್ಲ, ಲೈನ್ ಅಂಡ್ ವಾಶ್ ಅಂತಾರೆ, ಅದನ್ನು ನೋಡಿ ಆಸೆಯಾಯಿತು. ಹತ್ತು ನಿಮಿಷದಲ್ಲಿ ಮುಗಿದ ಹಾಗೆ ಕಾಣುತ್ತದೆ. ನನ್ನ ಕೈಯಲ್ಲಿ ಆಗುತ್ತಿಲ್ಲ.

ಮೊದಲನೇ ಅವಾಂತರ ಹೇಳುತ್ತೇನೆ. ಹಿತ್ತಿಲ ನಲ್ಲಿ, ಅದರ ಕೆಳಗೊಂದು ತಗಡಿನ ಬಕೆಟ್. ಆಫೀಸಿನಲ್ಲಿ ಸಹಿ ಹಾಕುವ ಇಂಕ್ ಪೆನ್ನಿನಲ್ಲೇ ಬಿಡಿಸಿದೆ. ಒಂದೂವರೆ ಗಂಟೆ ಹಿಡಿಯಿತು. ಬಕೆಟ್ಟಿನ ಹಿಡಿ, ಹಿಡಿ ಸಿಕ್ಕಿಸುವ ಕಿವಿ, ತಳದ ಸುತ್ತಿನ ಪಟ್ಟಿ, ನಲ್ಲಿಯ ಬಾಯಲ್ಲಿ ತೂಗುವ ಹನಿ, ಒಂದನ್ನೂ ಬಿಡಲಿಲ್ಲ. ಖುಷಿಯಾಗಿ ಮನೆಯವರಿಗೆಲ್ಲ ತೋರಿಸಿದೆ. ಮಾರನೆಯ ದಿನ ಬೂದು ಬಣ್ಣ ಕಲಸಿ ನೆರಳಿನ ಬದಿಗೆ ಒಂದೇ ಒಂದು ಸಲ ಬ್ರಷ್ ಎಳೆದೆ. ಗೆರೆಗಳೆಲ್ಲ ಎದ್ದು ಹೊರಟವು. ಕಪ್ಪು ಅಂದುಕೊಂಡಿದ್ದ ಇಂಕು ಅಂಚಿನಲ್ಲಿ ನೇರಳೆ, ನೀಲಿಯಾಗಿ ಒಡೆದುಕೊಂಡಿತು. ಹಿಡಿ ಯಾವುದು, ಕಿವಿ ಯಾವುದು ಗೊತ್ತಾಗಲಿಲ್ಲ. ರಾತ್ರಿಯಿಡೀ ಒಣಗಿತ್ತಲ್ಲ, ಮತ್ತೇಕೆ ಹೀಗಾಯಿತು?

ಆಮೇಲೆ ವಾಟರ್‌ಪ್ರೂಫ್ ಅಂತ ಬರೆದಿರುವ ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಪೆನ್ನು, ತಂದೆ. ಈಗ ಗೆರೆ ಕದಲುವುದಿಲ್ಲ. ಗೋಡೆಗೆ ಒರಗಿಸಿದ ಸೈಕಲ್ ಬಿಡಿಸಿದೆ. ಹಿಂದಿನ ಚಕ್ರದ 36 ಕಡ್ಡಿಗಳನ್ನೂ ಎಣಿಸಿ ಹಾಕಿದೆ. ಗೋಡೆಯ ಇಟ್ಟಿಗೆ ಒಂದೊಂದನ್ನೂ ಹಾಕಿದೆ. ಗೆರೆ ದಾಟದ ಹಾಗೆ ಉಸಿರು ಬಿಗಿಹಿಡಿದು ಬಣ್ಣ ತುಂಬಿದೆ. ಮಗಳು ನೋಡಿ, "ಅಪ್ಪಾ, ಇದು ನನ್ನ ಕಲರಿಂಗ್ ಬುಕ್ ಥರಾನೇ ಇದೆ" ಅಂದಳು. ಅವಳು ಹೊಗಳಿದ್ದು. ನನಗೆ ಚುಚ್ಚಿತು.

ಚೆನ್ನಾಗಿ ಬಿಡಿಸುವವರ ಚಿತ್ರದಲ್ಲಿ ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ, ಬಣ್ಣ ಗೆರೆಯ ಆಚೆ ಹೋಗಿರುತ್ತದೆ, ಆದರೂ ಸರಿಯಾಗೇ ಕಾಣುತ್ತದೆ. ನಾನು ಬೇಕೆಂದೇ ಹಾಗೆ ಮಾಡಿದರೆ ಕೈ ತಪ್ಪಿದ ಹಾಗೆ ಕಾಣುತ್ತದೆ. ಗೆರೆಯಲ್ಲಿ ಎಷ್ಟು ಹೇಳಬೇಕು, ಬಣ್ಣಕ್ಕೆ ಎಷ್ಟು ಬಿಡಬೇಕು? ಇನ್ನೊಂದು, ನನ್ನದು 150 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಸ್ಕೆಚ್ ಪುಸ್ತಕ. ಎರಡನೇ ಸಲ ಬ್ರಷ್ ಎಳೆದರೆ ಹಾಳೆ ಅಲೆ ಅಲೆಯಾಗಿ ಏಳುತ್ತದೆ. ಹಾಳೆ ಬದಲಿಸಬೇಕಾ, ಇಲ್ಲಾ ಕೈ ಬದಲಿಸಬೇಕಾ?

ಗೀಚುಕೈ ಉತ್ತರ:

ಬಕೆಟ್ ಕಥೆ ಓದಿ ನಗು ಬಂತು, ಕ್ಷಮಿಸಿ ಸರ್. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಅಂಥದ್ದೊಂದು ಹಾಳೆ ಇದ್ದೇ ಇರುತ್ತದೆ.

ಇಂಕಿನ ವಿಷಯ ಮಾತ್ರ ಹೇಳುತ್ತೇನೆ. ಮಾಮೂಲಿ ಫೌಂಟನ್ ಪೆನ್ನಿನ ಇಂಕು ಅಂದರೆ ನೀರಲ್ಲಿ ಕರಗಿದ ಡೈ. ನೀರು ಆರಿತು, ಬಣ್ಣ ಹಾಳೆಯಲ್ಲಿ ಕೂತಿತು. ಮತ್ತೆ ನೀರು ಸಿಕ್ಕಿತು, ಮತ್ತೆ ಕರಗಿತು. ಒಂದು ರಾತ್ರಿ ಅಲ್ಲ, ಒಂದು ತಿಂಗಳು ಬಿಟ್ಟರೂ ಅಷ್ಟೇ. ಕಪ್ಪು ಡೈ ಇಂಕು ಎಷ್ಟೋ ಸಲ ಎರಡು ಮೂರು ಬಣ್ಣಗಳ ಬೆರಕೆ. ಒದ್ದೆ ಹಾಳೆಯಲ್ಲಿ ಒಂದೊಂದು ಒಂದೊಂದು ವೇಗದಲ್ಲಿ ಓಡುತ್ತದೆ. ನಿಮಗೆ ನೇರಳೆ ಕಂಡದ್ದು ಅದಕ್ಕೇ.

ಕರಗದೆ ಇರಬೇಕಾದರೆ ಪಿಗ್ಮೆಂಟ್ ಇಂಕು ಬೇಕು. ಅದರಲ್ಲಿ ಬಣ್ಣ ನೀರಲ್ಲಿ ಕರಗಿರುವುದಿಲ್ಲ, ನುಣ್ಣನೆ ಪುಡಿಯಾಗಿ ತೇಲುತ್ತಿರುತ್ತದೆ. ನೀರು ಹೋದ ಮೇಲೆ ಪುಡಿ ಹಾಳೆಯ ನಾರಿಗೆ ಕಚ್ಚಿಕೊಳ್ಳುತ್ತದೆ. ನಿಮ್ಮ ಫೈನ್‌ಲೈನರ್‌ನಲ್ಲಿ ಇರುವುದೂ ಇಂಥದ್ದೇ. ಶೀಷೆಯಲ್ಲಿ ಸಿಗುವ ಇಂಡಿಯನ್ ಇಂಕ್‌ನಲ್ಲಿ ಇರುವುದು ಕಾಡಿಗೆಯ ಕಪ್ಪು ಪುಡಿ. ವಾಟರ್‌ಪ್ರೂಫ್ ಮಾಡಲು ಅದಕ್ಕೆ ಸಾಮಾನ್ಯವಾಗಿ ಅರಗು ಸೇರಿಸಿರುತ್ತಾರೆ. ಇದನ್ನು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ ಇಟ್ಟುಕೊಳ್ಳಿ. ಫೌಂಟನ್ ಪೆನ್ನಿಗೆ ತುಂಬಿಸಿದರೆ ಅರಗು ಒಳಗೇ ಗಟ್ಟಿಯಾಗುತ್ತದೆ. ನಾನು ಒಂದು ಒಳ್ಳೆಯ ಪೆನ್ನು ಹೀಗೇ ಕೊಂದಿದ್ದೇನೆ. ಫೌಂಟನ್ ಪೆನ್ನೇ ಬೇಕು ಅಂದರೆ ಪ್ಲಾಟಿನಂ ಕಾರ್ಬನ್‌ನಂಥ, ಅದಕ್ಕೆಂದೇ ಮಾಡಿದ ಇಂಕು ಹಾಕಿ. ಆದರೆ ಪೆನ್ನನ್ನು ವಾರಗಟ್ಟಲೆ ಮೂಲೆಗೆ ಹಾಕಬೇಡಿ, ಒಣಗಿದರೆ ತೊಳೆಯುವುದು ರಗಳೆ.

ಯಾವ ಪೆನ್ನು ತಂದರೂ ನೀವು ಬಳಸುವ ಹಾಳೆಯ ಮೇಲೇ ನಾಲ್ಕು ಗೆರೆ ಎಳೆಯಿರಿ. ಒಂದಕ್ಕೆ ಅರ್ಧ ನಿಮಿಷಕ್ಕೆ ಒದ್ದೆ ಬ್ರಷ್, ಇನ್ನೊಂದಕ್ಕೆ ಐದು ನಿಮಿಷಕ್ಕೆ, ಮತ್ತೊಂದಕ್ಕೆ ಗಂಟೆ ಬಿಟ್ಟು, ಕೊನೆಯದಕ್ಕೆ ಮಾರನೆಯ ದಿನ. ವಾಟರ್‌ಕಲರ್ ಹಾಳೆಗೆ, ನೀರನ್ನು ತಕ್ಷಣ ಹೀರದಿರಲಿ ಅಂತ ಅಂಟು ಹಚ್ಚಿರುತ್ತಾರೆ. ಅದರ ಮೇಲೆ ಇಂಕು ಹೆಚ್ಚು ಹೊತ್ತು ಹಸಿಯಾಗೇ ಕೂತಿರುತ್ತದೆ. ಪ್ರಿಂಟರ್ ಹಾಳೆಯಲ್ಲಿ ಮಾಡಿದ ಪರೀಕ್ಷೆ ಇಲ್ಲಿಗೆ ಬಾರದು.

ಒದ್ದೆಹಾಳೆ ಉತ್ತರ:

ಗೀಚುಕೈ ಇಂಕಿನದು ಹೇಳಿಯಾಯಿತು. ಮಗಳು ಹೇಳಿದ್ದಕ್ಕೆ ಬರುತ್ತೇನೆ, ಏಕೆಂದರೆ ಅವಳು ಸರಿಯಾಗೇ ಹೇಳಿದ್ದಾಳೆ. ನಿಮ್ಮ ಸೈಕಲ್ಲಿನಲ್ಲಿ ಗೆರೆಯೇ ಎಲ್ಲಾ ಕೆಲಸ ಮುಗಿಸಿಬಿಟ್ಟಿದೆ. ಆಕಾರ ಅದೇ ಹೇಳಿತು, ಇಟ್ಟಿಗೆ ಅದೇ ಹೇಳಿತು, ಕಡ್ಡಿಗಳ ಲೆಕ್ಕವನ್ನೂ ಅದೇ ಕೊಟ್ಟಿತು. ಬಣ್ಣ ಬಂದು ಏನು ಮಾಡಬೇಕು? ಖಾಲಿ ಜಾಗ ತುಂಬಬೇಕು, ಅಷ್ಟೇ.

ನನಗೆ ಇದು ಗೊತ್ತಾಗಿದ್ದು ಒಂದು ಮುರುಕಲು ಕೊಡೆಯಿಂದ. ಆ ವರ್ಷ ನಾನು ಬಾಗಿಲ ಪಕ್ಕ ಇಡುತ್ತಿದ್ದ ಕೊಡೆಯೊಂದನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದೆ. ಎರಡು ಕಡ್ಡಿ ಮುರಿದಿದ್ದವು, ಬಟ್ಟೆ ಒಂದು ಕಡೆ ಜೋತು ಬಿದ್ದಿತ್ತು. ಒಂದು ದಿನ ಅರ್ಧ ಬಿಡಿಸುವಾಗ ಫೈನ್‌ಲೈನರ್‌ನ ತುದಿ ಒಳಗೆ ಹೋಗಿಬಿಟ್ಟಿತು. ಒರಟು ಹಾಳೆ, ನನ್ನದು ಒತ್ತುವ ಕೈ. ಬೇರೆ ಪೆನ್ನು ಇರಲಿಲ್ಲ. ಸಿಟ್ಟಿನಲ್ಲಿ, ಗೆರೆ ಇದ್ದ ಅರ್ಧಕ್ಕೂ ಇಲ್ಲದ ಅರ್ಧಕ್ಕೂ ಸೇರಿಸಿ ಒಂದೇ ಬೂದು ಬಣ್ಣ ಎಳೆದು ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಗೆರೆ ಇಲ್ಲದ ಅರ್ಧವೇ ಚೆಂದ. ಆ ಕಡೆ ಬಟ್ಟೆ ನಿಜವಾಗಿ ಜೋತು ಬಿದ್ದಿತ್ತು. ಗೆರೆ ಎಳೆದ ಕಡೆ ತಗಡಿನ ಹಾಗಿತ್ತು. ಆ ಹಾಳೆ ಈಗಲೂ ನನ್ನ ಮೇಜಿನ ಮುಂದೆ ಅಂಟಿಸಿದೆ. ಬೇರೆಯವರಿಗೆ ಅದು ಹಾಳಾದ ಚಿತ್ರ.

ನಿಮ್ಮ ಬಕೆಟ್ಟಿಗೇ ಹೋಗೋಣ. ಬೆಳಕು ಎಡದಿಂದ ಬರುತ್ತಿದೆ ಅಂದುಕೊಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಮೂರು ಉಳಿಯುತ್ತವೆ: ಬೆಳಕು ಬಿದ್ದದ್ದು, ನೆರಳಿನದು, ತೀರಾ ಕಪ್ಪು. ಬೆಳಕಿಗೆ ಹಾಳೆಯ ಬಿಳಿ ಇದೆ. ನೆರಳಿಗೆ ವಾಶ್ ಇದೆ. ತೀರಾ ಕಪ್ಪಿಗೆ ಇಂಕು. ಬಕೆಟ್ಟಿನ ಎಡ ಅಂಚಿನಲ್ಲಿ ಬೆಳಕು ಹೊಳೆಯುತ್ತದಲ್ಲ, ಅಲ್ಲಿ ಗೆರೆಯೇ ಬೇಡ. ಹಿಂದಿನ ಗೋಡೆಗೆ ತೆಳು ಬಣ್ಣ ಬಂದರೆ ಆ ಅಂಚು ತಾನಾಗಿ ಕಾಣುತ್ತದೆ. ಬಾಯಿಯ ಸುತ್ತು, ಕಿವಿಯ ಹತ್ತಿರ, ತಳ ನೆಲಕ್ಕೆ ತಾಗುವ ಕಡೆ, ಇಲ್ಲಿ ಪೆನ್ನು ಒತ್ತಿ. ತಳದ ಪಟ್ಟಿಯನ್ನು ಬಲಗಡೆ ಒಂದಿಷ್ಟು ತೋರಿಸಿ ಬಿಟ್ಟುಬಿಡಿ. ಸೈಕಲ್ ಚಕ್ರಕ್ಕೆ ನಡುವಿನಿಂದ ಏಳೆಂಟು ಕಡ್ಡಿ, ಅವೂ ಹೊರಗೆ ಬರುತ್ತಾ ಮಾಸಿ ಹೋಗಲಿ. ಇಟ್ಟಿಗೆ ಒಂದು ಮೂಲೆಯಲ್ಲಿ ಹತ್ತು ಕಂಡರೆ ಉಳಿದದ್ದನ್ನು ನೋಡುವವರು ಕಟ್ಟಿಕೊಳ್ಳುತ್ತಾರೆ.

ನೀವು ಬೇಕೆಂದೇ ಗೆರೆ ತುಂಡು ಮಾಡಿದರೆ ಸುಳ್ಳು ಅನ್ನಿಸುವುದಕ್ಕೂ ಇದೇ ಕಾರಣ. ಎಲ್ಲೆಲ್ಲೋ ತುಂಡು ಮಾಡುತ್ತಿದ್ದೀರಿ. ಬೆಳಕು ಬಿದ್ದ ಕಡೆ ತುಂಡಾದರೆ ಒಪ್ಪುತ್ತದೆ, ನೆರಳಿನ ಕಡೆ ತುಂಡಾದರೆ ತೂತು ಬಿದ್ದ ಹಾಗೆ. ಬಣ್ಣ ಗೆರೆ ದಾಟುವುದೂ ಹಾಗೇ. ಬಕೆಟ್ಟಿನ ನೆರಳಿನ ಬದಿ, ಅದು ನೆಲದ ಮೇಲೆ ಚೆಲ್ಲಿದ ನೆರಳು, ಇವೆರಡನ್ನು ಬೇರೆ ಬೇರೆ ಬಣ್ಣದಲ್ಲಿ ತುಂಬಬೇಡಿ. ಮೇಲಿಂದ ಶುರುಮಾಡಿ ಬ್ರಷ್ ಎತ್ತದೆ ಬಕೆಟ್ ಮೇಲಿಂದ ನೆಲಕ್ಕೆ ಇಳಿಸಿಬಿಡಿ. ತಳದ ಗೆರೆ ಕೆಳಗೆ ಇದ್ದೇ ಇದೆ, ಅದು ಬೇರ್ಪಡಿಸಿಕೊಳ್ಳುತ್ತದೆ. ಇದೊಂದೇ ಮಾಡಿ ನೋಡಿ, ಬಕೆಟ್ ನೆಲದ ಮೇಲೆ ಕೂರುತ್ತದೆ.

ಇದು ಸಾಧ್ಯವಾಗಬೇಕಾದರೆ ದೊಡ್ಡ ಬ್ರಷ್ ಬೇಕು. ನಿಮ್ಮ ಕೈಯಲ್ಲಿ 2 ಅಥವಾ 3ನೇ ನಂಬರು ಇದೆ ಅಂತ ನನ್ನ ಅನುಮಾನ. 8 ಅಥವಾ 10ರ ದುಂಡು ಬ್ರಷ್, ತುದಿ ಚೂಪಾಗಿ ಕೂಡಬೇಕು. ಅದೊಂದೇ ಸಾಕು. ಹಲಗೆಯ ಕೆಳಗೆ ಒಂದು ಪುಸ್ತಕ ಇಟ್ಟು ಸ್ವಲ್ಪ ಇಳಿಜಾರು ಮಾಡಿಕೊಳ್ಳಿ. ಬಣ್ಣದ ನೀರು ಕೆಳಗಿನ ಅಂಚಿನಲ್ಲಿ ಹನಿಗಟ್ಟಿ ನಿಲ್ಲುತ್ತದೆ. ಆ ಹನಿಯನ್ನು ಕೆಳಕ್ಕೆ ಎಳೆದುಕೊಂಡು ಹೋಗುವುದು, ಕೊನೆಯಲ್ಲಿ ಬ್ರಷ್ಷನ್ನು ಬಟ್ಟೆಗೆ ಒತ್ತಿ ಒಣಗಿಸಿ, ಆ ಹನಿಯನ್ನು ಅದರ ತುದಿಯಿಂದ ಹೀರಿಕೊಳ್ಳುವುದು. ನಡುವೆ ಹಿಂದಕ್ಕೆ ಹೋಗಿ ತಿದ್ದಬೇಡಿ. ತಿದ್ದುವ ಚಾಳಿ ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಈಗಲೂ ಪೂರ್ತಿ ಬಿಟ್ಟಿಲ್ಲ.

ಬಣ್ಣ ಎರಡೇ ಇಟ್ಟುಕೊಳ್ಳಿ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನುವ ಕಂದು. ಎರಡೂ ಸೇರಿದರೆ ಎಂಥೆಂಥ ಬೂದು ಬರುತ್ತದೆ ನೋಡಿ. ನೀಲಿ ಜಾಸ್ತಿಯಾದರೆ ತಣ್ಣನೆಯ ನೆರಳು, ಕಂದು ಜಾಸ್ತಿಯಾದರೆ ಬೆಚ್ಚಗಿನ ಮಣ್ಣಿನ ಬೂದು, ಗಟ್ಟಿಯಾಗಿ ಕಲಸಿದರೆ ಕಪ್ಪಿಗೆ ಹತ್ತಿರ. ಅಲ್ಟ್ರಾಮರೀನ್‌ನ ಕಣಗಳು ಹಾಳೆಯ ಗುಳಿಗಳಲ್ಲಿ ಇಳಿದು ಕೂರುತ್ತವೆ. ಹಳೆ ತಗಡಿಗೆ ಅದು ಹೇಳಿ ಮಾಡಿಸಿದ ಹಾಗಿರುತ್ತದೆ. ಒಣಗಿದ ಮೇಲೆ ವಾಟರ್‌ಕಲರ್ ತಿಳಿಯಾಗುತ್ತದೆ, ಹಸಿಯಲ್ಲಿ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿದರೆ ಅದೇ ಸರಿ. ನೆರಳಿಗೆ ಪೆನ್ನಿನಲ್ಲಿ ಅಡ್ಡಗೆರೆ ತುಂಬಿ ಮೇಲೆ ಮತ್ತೆ ವಾಶ್ ಹಾಕುವುದು ಬೇಡ. ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗಾಗುತ್ತದೆ.

ರೆಂಬ್ರಾಂಟ್ ಇಂಕಿನಲ್ಲಿ ಬಿಡಿಸಿದ ಚಿತ್ರಗಳನ್ನು ಒಮ್ಮೆ ನೋಡಿ. 17ನೇ ಶತಮಾನದ ಡಚ್ ಚಿತ್ರಕಾರರು. ಕಂದು ಇಂಕು, ಮೇಲೆ ಕಂದು ವಾಶ್, ಎಷ್ಟೋ ಚಿತ್ರಗಳಲ್ಲಿ ಇಷ್ಟೇ. ಮೊಘಲ್ ಚಿತ್ರಗಳನ್ನು ಮುಂದಿಟ್ಟುಕೊಂಡು ಅವರು ಬಿಡಿಸಿದ 20ಕ್ಕೂ ಹೆಚ್ಚು ಹಾಳೆಗಳು ಉಳಿದಿವೆ. ಮೂಲದಲ್ಲಿ ಕೂದಲೆಳೆಯಷ್ಟು ಕುಸುರಿ ಇರುತ್ತದೆ. ಇವರು ಅದರಲ್ಲಿ ಏನು ತೆಗೆದುಕೊಂಡರು, ಏನು ಬಿಟ್ಟರು ಅಂತ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಇರಲಿ, ವಿಷಯ ಎಲ್ಲಿಗೋ ಹೋಯಿತು.

ಹಾಳೆ: ಬದಲಿಸಿ. 300 ಜಿಎಸ್‌ಎಂ ತೆಗೆದುಕೊಳ್ಳಿ. ಕೋಲ್ಡ್ ಪ್ರೆಸ್ ಅಂದರೆ ಸ್ವಲ್ಪ ತರಿತರಿ, ವಾಶ್ ಚೆನ್ನಾಗಿ ಬರುತ್ತದೆ, ಪೆನ್ನಿನ ತುದಿ ಬೇಗ ಸವೆಯುತ್ತದೆ. ಹಾಟ್ ಪ್ರೆಸ್ ನುಣುಪು, ಪೆನ್ನು ಜಾರುತ್ತದೆ, ಆದರೆ ನೀರಿನ ಪ್ರತಿ ತಪ್ಪೂ ಎದ್ದು ಕಾಣುತ್ತದೆ. ನಾನಾದರೆ ಕೋಲ್ಡ್ ಪ್ರೆಸ್ ಅನ್ನುತ್ತೇನೆ. ಪೆನ್ನು ಎರಡು ಇರಲಿ. ಪಿಗ್ಮಾ ಮೈಕ್ರಾನ್ ಅನ್ನುವ ಫೈನ್‌ಲೈನರ್‌ನ ಲೆಕ್ಕದಲ್ಲಿ ಗೆರೆಯ ದಪ್ಪ ಹೇಳುವುದಾದರೆ 01 ಅಂದರೆ 0.25 ಮಿ.ಮೀ., 05 ಅಂದರೆ 0.45. ಸಣ್ಣದರಲ್ಲಿ ಬೆಳಕಿನ ಕಡೆ, ದಪ್ಪದರಲ್ಲಿ ನೆರಳಿನ ಕಡೆ.

ಒಂದು ಕೆಲಸ ಕೊಡುತ್ತೇನೆ. ಅದೇ ಬಕೆಟ್ಟನ್ನು ಹತ್ತು ಸಲ ಬಿಡಿಸಿ. ಪೆನ್ನಿಗೆ ಮೂರು ನಿಮಿಷ, ಆಮೇಲೆ ಕೆಳಗಿಡಿ, ಮುಗಿಯದಿದ್ದರೂ ಸರಿ. ಉಳಿದದ್ದು ಬ್ರಷ್ಷಿಗೆ.

ಬಣ್ಣಮೊದಲು ಉತ್ತರ:

ಒದ್ದೆಹಾಳೆ ಮೇಡಂ ಹೇಳಿದ್ದರಲ್ಲಿ ಮುಕ್ಕಾಲು ಒಪ್ಪಿದೆ. ಆದರೆ ಕಲರಿಂಗ್ ಬುಕ್ ಕಾಯಿಲೆಗೆ ನನ್ನ ಮದ್ದು ಇನ್ನೂ ಸುಲಭ. ಗೆರೆಯನ್ನು ಮೊದಲು ಹಾಕಲೇಬೇಡಿ. ತುಂಬಲು ಗೆರೆಯೇ ಇಲ್ಲದಿದ್ದರೆ ತುಂಬುವುದು ಎಲ್ಲಿಂದ ಬಂತು?

ಪೆನ್ಸಿಲ್‌ನಲ್ಲಿ ತೆಳುವಾಗಿ ಬಕೆಟ್ಟಿನ ಎತ್ತರ, ಅಗಲ ಗುರುತು ಮಾಡಿ. ಬೇಡದ ಗುರುತನ್ನು ಆಗಲೇ ಅಳಿಸಿ, ಬಣ್ಣ ಬಿದ್ದ ಮೇಲೆ ಪೆನ್ಸಿಲ್ ಸರಿಯಾಗಿ ಹೋಗುವುದಿಲ್ಲ. ಆಮೇಲೆ ಬಣ್ಣವನ್ನು ಮೂರು ನಾಲ್ಕು ದೊಡ್ಡ ತೇಪೆಗಳ ಹಾಗೆ ಹಾಕಿ. ಏನು ಬಿಡಿಸುತ್ತಿದ್ದೀರಿ ಅಂತ ಪಕ್ಕದವರಿಗೆ ತಿಳಿಯಬಾರದು. ಪೂರ್ತಿ ಒಣಗಲಿ. ಒಣಗಿದೆಯೋ ಇಲ್ಲವೋ ನೋಡಲು ಕೈ ಹಿಂಭಾಗವನ್ನು ಹಾಳೆಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ. ಆಗ ಪೆನ್ನು ಇಟ್ಟರೆ ಇಂಕು ಕೂದಲು ಕೂದಲಾಗಿ ಹರಡುತ್ತದೆ, ಪೆನ್ನಿನ ತುದಿಗೂ ಬಣ್ಣ ಮೆತ್ತಿ ಕಟ್ಟಿಕೊಳ್ಳುತ್ತದೆ. ಒಣಗಿದ ಮೇಲೆ, ಈ ತೇಪೆಗಳನ್ನು ಬಕೆಟ್ ಮಾಡಲು ಕನಿಷ್ಠ ಎಷ್ಟು ಗೆರೆ ಬೇಕೋ ಅಷ್ಟೇ. ನನಗೆ ಹೆಚ್ಚಿನ ಸಲ ಒಂದು ಹಿಡಿ, ಅರ್ಧ ಬಾಯಿ, ತಳದಲ್ಲೊಂದು ಕೊಂಕು ಸಾಕಾಗುತ್ತದೆ.

ಮತ್ತೆ ಆ ಸಹಿ ಹಾಕುವ ಪೆನ್ನನ್ನು ಬಿಸಾಡಬೇಡಿ. ಕರಗುವ ಇಂಕು ಇದೆ ಅಂತ ಗೊತ್ತಿದ್ದು ಬಳಸಿದರೆ ಅದೇ ವಾಶ್. ನೆರಳಿನ ಬದಿಗೆ ಮಾತ್ರ ಗೆರೆ ಎಳೆದು, ಬರೀ ನೀರಿನ ಬ್ರಷ್ಷನ್ನು ಗೆರೆಯ ಒಳಬದಿಗೆ ತಾಗಿಸಿ. ಬ್ರಷ್ ತೊಟ್ಟಿಕ್ಕಬಾರದು, ಒದ್ದೆಯಾಗಿದ್ದರೆ ಸಾಕು. ಗೆರೆ ಅರ್ಧ ಉಳಿದು ಅರ್ಧ ನೆರಳಾಗುತ್ತದೆ. ನಿಮಗೆ ಕಂಡ ನೇರಳೆ ಬಣ್ಣ ನನಗೆ ತುಂಬಾ ಇಷ್ಟ. ಒಂದೇ ತೊಂದರೆ, ಡೈ ಇಂಕು ಬಹಳಷ್ಟು ಬೆಳಕಿಗೆ ಮಾಸುತ್ತವೆ. ಗೋಡೆಗೆ ಹಾಕುವ ಚಿತ್ರ ಹೀಗೆ ಮಾಡಬೇಡಿ, ಪುಸ್ತಕದೊಳಗೆ ಇರಲಿ.

ಅರ್ಧಬಕೆಟ್ ಮತ್ತೆ ಬರೆದದ್ದು, ಮೂರು ವಾರ ಬಿಟ್ಟು:

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ಅಂದಿದ್ದಿರಿ, ಹದಿನಾಲ್ಕು ಬಕೆಟ್ ಆಯಿತು. ಬ್ರಷ್ 2ನೇ ನಂಬರೇ ಆಗಿತ್ತು ಮೇಡಂ, ಹೇಗೆ ಗೊತ್ತಾಯಿತೋ.

ಮೊದಲ ನಾಲ್ಕು ಲೆಕ್ಕಕ್ಕಿಲ್ಲ. ಮೂರು ನಿಮಿಷ ಆಗುವಷ್ಟರಲ್ಲಿ ಬಾಯಿಯ ಸುತ್ತೇ ಮುಗಿದಿರುತ್ತಿರಲಿಲ್ಲ. ಐದನೆಯದರಿಂದ, ನನಗೇ ನಂಬಿಕೆ ಇಲ್ಲದೆ ಫೋನಿನಲ್ಲಿ ಅಲಾರಂ ಇಟ್ಟು, ಹೊಡೆದ ತಕ್ಷಣ ಪೆನ್ನನ್ನು ಮುಚ್ಚಿ ಇನ್ನೊಂದು ರೂಮಿನಲ್ಲಿ ಇಟ್ಟು ಬಂದೆ. ಕೈ ಆ ಕಡೆಗೇ ಎಳೆಯುತ್ತಿತ್ತು. ಎಡ ಅಂಚು ಬಿಡುವುದು ನನಗೆ ಬಲು ಕಷ್ಟದ ಕೆಲಸ. ಲೆಕ್ಕದಲ್ಲಿ ಒಂದು ಕಾಲಂ ಖಾಲಿ ಬಿಟ್ಟ ಹಾಗೆ ಅನ್ನಿಸುತ್ತದೆ.

ಒಂಬತ್ತನೆಯದರಲ್ಲಿ ಬಕೆಟ್ಟಿನಿಂದ ನೆಲಕ್ಕೆ ಬ್ರಷ್ ಎತ್ತದೆ ಇಳಿಸಿದೆ. ಬಣ್ಣ ತಳದ ಗೆರೆ ದಾಟುವಾಗ ಎದೆ ಝಲ್ಲೆಂದಿತು. ಒಣಗಿದ ಮೇಲೆ ನೋಡಿದರೆ ಬಕೆಟ್ ಕೂತಿದೆ. ಮೊದಲಿನವೆಲ್ಲ ಗಾಳಿಯಲ್ಲಿ ತೂಗುತ್ತಿದ್ದವು ಅಂತ ಆಗ ಗೊತ್ತಾಯಿತು. ಮಗಳಿಗೆ ತೋರಿಸಿದೆ. "ಇದು ಇನ್ನೂ ಮುಗ್ದಿಲ್ಲ ಅಲ್ವಾ ಅಪ್ಪಾ? ಈ ಕಡೆ ಗೆರೆ ಹಾಕೋದು ಮರೆತಿದ್ದೀಯ" ಅಂದಳು. ಈ ಸಲ ಚುಚ್ಚಲಿಲ್ಲ.

ಬಣ್ಣ ಮೊದಲು ಹಾಕುವುದನ್ನೂ ಎರಡು ಸಲ ಪ್ರಯತ್ನಿಸಿದೆ. ನನ್ನ ತೇಪೆಗಳು ತೇಪೆಗಳಾಗೇ ಉಳಿದವು. ಅದಕ್ಕೆ ಇನ್ನೂ ಸಮಯ ಬೇಕು ಅನ್ನಿಸುತ್ತದೆ.

ಈಗ ಹೊಸ ತಲೆನೋವು. ನೆರಳು ಒಣಗುತ್ತಾ ಬಂದಾಗ ಒಂದು ಕಡೆ ತಿಳಿಯಾಯಿತು ಅಂತ ಇನ್ನೊಂಚೂರು ಬಣ್ಣ ಮುಟ್ಟಿಸಿದೆ. ಅಲ್ಲಿಂದ ಹೂಕೋಸಿನ ಅಂಚಿನ ಹಾಗೆ ಒಂದು ಕಲೆ ಎದ್ದಿತು. ಹದಿನಾಲ್ಕರಲ್ಲಿ ಆರಕ್ಕೆ ಹೀಗಾಗಿದೆ. 300ರ ಹಾಳೆಯಲ್ಲೂ.

ಒದ್ದೆಹಾಳೆ ಉತ್ತರ:

ಒಂಬತ್ತನೆಯದನ್ನು ಎತ್ತಿಡಿ.

ಆ ಕಲೆಗೆ ಹಾಳೆ ಕಾರಣವಲ್ಲ. ಅರ್ಧ ಒಣಗಿದ ಕಡೆ ಅದಕ್ಕಿಂತ ಹೆಚ್ಚು ನೀರಿರುವ ಬ್ರಷ್ ತಾಗಿದರೆ, ಆ ನೀರು ಹೊರಕ್ಕೆ ನುಗ್ಗುತ್ತಾ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲಿ ಅಂಚು ಕಟ್ಟುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೇಲೆ ನೀರು ಪಳಪಳ ಅನ್ನುತ್ತಿದ್ದರೆ ಇನ್ನೂ ಬಣ್ಣ ಬಿಡಬಹುದು, ಗಟ್ಟಿ ಬಣ್ಣ, ನೀರು ಕಡಿಮೆ. ಆ ಹೊಳಪು ಹೋಗಿ ಮಂಕಾಯಿತೋ, ಕೈ ಕಟ್ಟಿಕೊಂಡು ಕೂರಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ ಎಳೆದರಾಯಿತು. ಪೆನ್ನನ್ನು ಇಟ್ಟು ಬಂದ ರೂಮಿನಲ್ಲೇ ಬ್ರಷ್ಷನ್ನೂ ಇಟ್ಟು ಬನ್ನಿ.